ಬಣ್ಣಕ್ಕೆಂದು ಬಂದ ಹುಳು

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯದೊಂದು ತೋಟವಿತ್ತು. ಬೇಲಿಗಷ್ಟೇ ಸಲ್ಲುವ ಗಿಡಕ್ಕೆ ತೋಟವನ್ನು ಮೀಸಲಿಟ್ಟದ್ದು ಈಸ್ಟ್ ಇಂಡಿಯಾ ಕಂಪನಿ. ಅದಕ್ಕೆ ಒತ್ತಾಸೆಯಾಗಿ ನಿಂತವನು ಕಂಪನಿಯ ವೈದ್ಯ ಜೇಮ್ಸ್ ಆಂಡರ್ಸನ್. ಅವನಿಗೆ ಬೇಕಾಗಿದ್ದುದು ಕಳ್ಳಿಯ ರಸ ಹೀರಿ ಬದುಕುವ ಕೋಚಿನಿಯಲ್ ಹುಳು. ಅದನ್ನು ಒಣಗಿಸಿ ಅರೆದರೆ ಕಿರಮಂಜಿ ಬಣ್ಣ ದೊರೆಯುತ್ತದೆ. ಮೆಕ್ಸಿಕೋದ ಆ ಹುಳುವಿನ ವ್ಯಾಪಾರವೆಲ್ಲ ಆಗ ಸ್ಪೇನಿನವರ ಹಿಡಿತದಲ್ಲಿತ್ತು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲಿನಿಂದ ಹುಳುಗಳನ್ನು ಕಲಕತ್ತೆಗೆ ತಂದನು. ಅಲ್ಲಿಂದ ಅವು ಮದರಾಸನ್ನೂ ಸೇರಿದವು. ಆದರೆ ಅದು ಬೇರೊಂದು ಜಾತಿ, ಇಂದು ಡ್ಯಾಕ್ಟಿಲೋಪಿಯಸ್ ಸೀಲಾನಿಕಸ್ ಎನ್ನಿಸಿಕೊಳ್ಳುವಂಥದು. ಅದರ ಬಣ್ಣ ಕಳಪೆಯಾಗಿತ್ತು, ಹಸಿವು ಮಾತ್ರ ದೊಡ್ಡದು. ಲಾಭದ ಆಸೆ ಕಮರಿ ತೋಟ ಮುಚ್ಚಿತು. ಅಲ್ಲಿಯ ಗಿಡಗಳು ಬೆಂಗಳೂರಿನ ಲಾಲ್‌ಬಾಗಿಗೆ ಹೋದವು. ಇತ್ತ ಉತ್ತರದಲ್ಲಿ ಹುಳು ಹಬ್ಬಿದೆಡೆಯಲ್ಲೆಲ್ಲ ಒಂದು ಜಾತಿಯ ಪಾಪಾಸುಕಳ್ಳಿ, ಒಪಂಶಿಯ ಮೊನಕಾಂತ, ಒಣಗಿ ಬಿದ್ದಿತು.

ವ್ಯಾಪಾರಿಗೆ ನಷ್ಟವಾದದ್ದು ಕೃಷಿಕನಿಗೆ ವರವಾಯಿತು. 1836–38ರಲ್ಲಿ ದಕ್ಷಿಣ ಭಾರತಕ್ಕೆ ಆ ಹುಳುವನ್ನು ಕಳ್ಳಿಯ ನಾಶಕ್ಕೆಂದೇ ತರಲಾಯಿತು. ಕೀಟದಿಂದ ಕಳೆಯನ್ನು ಉದ್ದೇಶಪೂರ್ವಕವಾಗಿ ಹತ್ತಿಕ್ಕಿದ ಜಗತ್ತಿನ ಮೊದಲ ಯಶಸ್ಸೆಂದು ಇದನ್ನು ಎಣಿಸುತ್ತಾರೆ.

ಆದರೆ ಹುಳುವಿಗೆ ರುಚಿಸಿದ್ದು ಆ ಒಂದೇ ಜಾತಿ. ಅದರ ಸೋದರಜಾತಿ ಒಪಂಶಿಯ ಡಿಲೆನಿಯೈ ತಮಿಳುನಾಡಿನ ಬಯಲುಗಳಲ್ಲಿ ಯಾವ ತಡೆಯೂ ಇಲ್ಲದೆ ಬೆಳೆಯಿತು. ಅದಕ್ಕೆ ತಕ್ಕ ಹುಳು, ಡ್ಯಾಕ್ಟಿಲೋಪಿಯಸ್ ಒಪಂಶಿಯೆ, ಸಿಂಹಳದಿಂದ ಬಂದುದು 1926ರಲ್ಲಿ. ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ನೆಲ ಕಳ್ಳಿಯಿಂದ ಬಿಡುಗಡೆ ಹೊಂದಿತು.

ಹುಳುವಿನ ಈ ಹಟವೇ ಇಡೀ ವಿದ್ಯೆಯ ಆಧಾರ. ಒಂದೇ ಗಿಡವನ್ನು ತಿನ್ನುವುದರಿಂದ ಅದು ನಂಬಿಕೆಗೆ ಅರ್ಹ. ಅದೇ ಕಾರಣದಿಂದ ಅದರ ಶಕ್ತಿಗೆ ಮಿತಿಯೂ ಉಂಟು. ಕಾಂಗ್ರೆಸ್ ಹುಲ್ಲನ್ನು ತಿನ್ನಲೆಂದು ಮೆಕ್ಸಿಕೋದಿಂದ ತರಿಸಿದ ಜೈಗೋಗ್ರಾಮ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಾಗಲೂ ಪ್ರಶ್ನೆ ಅದೇ ಆಗಿತ್ತು. 1990ರ ದಶಕದ ಆರಂಭದಲ್ಲಿ ದುಂಬಿ ಸೂರ್ಯಕಾಂತಿಯ ಮೇಲೆ ಕಾಣಿಸಿದಾಗ ರೈತರು ಬೆಚ್ಚಿದರು. ಪರಿಶೀಲನೆಯಲ್ಲಿ ಭಾರಿ ಅಪಾಯವೇನೂ ಕಂಡುಬರಲಿಲ್ಲ. ಆದರೂ ಆ ಭಯ ಅಕಾರಣವಾದುದಲ್ಲ. ಬಿಟ್ಟ ಹುಳುವನ್ನು ಮರಳಿ ಕರೆಯುವ ಉಪಾಯವಿಲ್ಲ. ನೀಲ್ಸನ್ ತಂದದ್ದು ಯಾವ ಜಾತಿಯೆಂದು ಆಂಡರ್ಸನ್ನನಿಗೆ ತಿಳಿದಿರಲಿಲ್ಲ; ಅದು ಕಳ್ಳಿಯನ್ನು ಬಿಟ್ಟು ಬೆಳೆಗೆ ಎರಗದೆ ಹೋದದ್ದು ನಮ್ಮ ಸುದೈವ. ಇಂದು ಹುಳುವಿನ ಪೆಟ್ಟಿಗೆ ತೆರೆಯುವ ಮೊದಲು ನಡೆಯುವ ವರ್ಷಗಟ್ಟಲೆಯ ಪರೀಕ್ಷೆಗಳು ಅಂಥ ಸುದೈವವನ್ನು ನಂಬದಿರುವುದಕ್ಕಾಗಿಯೇ ಇವೆ.