ಯೋಗ್ಯಾ

ಗಾಯಾಳುವಿನ ವೇಷ ತೊಟ್ಟವನೊಬ್ಬನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ವೈದ್ಯರೂ ದಾದಿಯರೂ ನಿಜವಾದ ಅಪಘಾತದಲ್ಲೆಂಬಂತೆ ಅವನ ಸುತ್ತ ಧಾವಿಸುವ ತಾಲೀಮನ್ನು ನಮ್ಮ ಪತ್ರಿಕೆಗಳು ‘ಅಣಕು ಕಾರ್ಯಾಚರಣೆ’ ಎಂದು ಕರೆಯುತ್ತವೆ. ಅಣಕವೆಂದರೆ ಪರಿಹಾಸ, ಪ್ರಾಣರಕ್ಷಣೆಯ ಅಭ್ಯಾಸಕ್ಕೆ ಈ ಪದವನ್ನು ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಇದಕ್ಕಿಂತ ಘನವಾದ ಪದವೊಂದು ನಮ್ಮ ವೈದ್ಯಶಾಸ್ತ್ರದಲ್ಲಿ ಆಗಲೇ ಇದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ವಿಷಯವೇ ‘ಯೋಗ್ಯಾ’, ಎಂದರೆ ಕರ್ಮಾಭ್ಯಾಸ. ಶಿಷ್ಯನು ರೋಗಿಯ ಮೈಗೆ ಶಸ್ತ್ರ ತಾಗಿಸುವ ಮುನ್ನ ಸೋರೆ, ಸೌತೆಗಳಂಥ ಕಾಯಿಗಳಲ್ಲಿ ಛೇದನವನ್ನೂ, ನೀರು ಕೆಸರು ತುಂಬಿದ ತೊಗಲ ಚೀಲದಲ್ಲಿ ಭೇದನವನ್ನೂ, ನೈದಿಲೆಯ ನಾಳದಲ್ಲಿಯೂ ಸತ್ತ ಪಶುವಿನ ಸಿರೆಯಲ್ಲಿಯೂ ವೇಧನವನ್ನೂ, ಹಲಸು ಬಿಲ್ವಗಳ ತಿರುಳಿನಲ್ಲಿ ಆಹರಣವನ್ನೂ ಕಲಿಯಬೇಕು. ಪಟ್ಟಿ ಕಟ್ಟುವುದನ್ನು ಮನುಷ್ಯಾಕೃತಿಯ ಬೊಂಬೆಯ ಅಂಗಾಂಗಗಳ ಮೇಲೆ ಸಾಧಿಸಬೇಕು. ಎಷ್ಟೇ ಓದಿದವನಾದರೂ ಈ ಅಭ್ಯಾಸವಿಲ್ಲದವನು ಕರ್ಮಕ್ಕೆ ಅಯೋಗ್ಯನೆಂಬುದು ಆಚಾರ್ಯನ ನಿರ್ಣಯ. ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲಾರ್ಡಲ್ 1960ರಲ್ಲಿ ಉಸಿರು ಊದಿ ಕಲಿಯುವ ಬೊಂಬೆಯನ್ನು ಲೋಕಕ್ಕೆ ಕೊಟ್ಟಾಗ, ಬೊಂಬೆಯ ಮೇಲೆ ಕಲಿಯುವ ಉಪಾಯ ನಮಗೆ ಹೊಸದಾಗಿರಲಿಲ್ಲ. ಆದರೆ ಸುಶ್ರುತನ ಯೋಗ್ಯಾ ಒಬ್ಬನ ಕೈಯನ್ನು ಪಳಗಿಸುವ ವಿದ್ಯೆ. ಹತ್ತು ಕೈಗಳನ್ನು ಒಂದಾಗಿ ಪಳಗಿಸುವ ಅಗತ್ಯವನ್ನು ಕಾಲವು ತರುವಾಯ ಒಡ್ಡಿತು.

ಆ ಕಾಲ ಬೆಂಗಳೂರಿನ ಪಶ್ಚಿಮಕ್ಕೆ ಯಂತ್ರಗಳೊಡನೆ ಬಂದಿತು. ಸ್ವಾತಂತ್ರ್ಯಾನಂತರ ರಾಜಾಜಿಯವರ ಹೆಸರು ಹೊತ್ತು ಬೆಳೆದ ರಾಜಾಜಿನಗರ ಕಾರ್ಖಾನೆಗಳ ಬಡಾವಣೆ. ಲೇತು, ಪ್ರೆಸ್ಸುಗಳ ನಡುವೆ ಬೆರಳು ಕಳೆದುಕೊಂಡವರ ಕಥೆಯಿಲ್ಲದ ಬೀದಿ ಅಲ್ಲಿ ಅಪರೂಪವಾಗಿದ್ದೀತು. 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಕಾರ್ಮಿಕರ ರಾಜ್ಯ ವಿಮಾ ಯೋಜನೆ 1958ರಲ್ಲಿ ಬೆಂಗಳೂರಿಗೆ ಬಂದು, ಮುಂದೆ ರಾಜಾಜಿನಗರದಲ್ಲಿ ಜನ ಇಂದಿಗೂ ‘ಇಎಸ್‌ಐ’ ಎಂದಷ್ಟೇ ಕರೆವ ಆಸ್ಪತ್ರೆಯಾಗಿ ನೆಲೆಯೂರಿತು. ಭೋಪಾಲದ ದುರಂತದ ಬಳಿಕ 1987ರಲ್ಲಿ ಕಾರ್ಖಾನೆ ಕಾಯಿದೆ ತಿದ್ದುಪಡಿಯಾಯಿತು. 1989ರ ನಿಯಮಗಳು ಅಪಾಯಕರ ರಾಸಾಯನಿಕಗಳ ಕಾರ್ಖಾನೆಯಲ್ಲಿ ಆರು ತಿಂಗಳಿಗೊಮ್ಮೆ ತಾಲೀಮು ನಡೆಯಲೇಬೇಕೆಂದು ವಿಧಿಸಿದವು. ಗಾಯಗೊಳ್ಳುವ ಸ್ಥಳಕ್ಕೆ ಹೀಗೆ ಕಟ್ಟಳೆ ಬಂದಾಗ, ಗಾಯಾಳುವನ್ನು ಬರಮಾಡಿಕೊಳ್ಳುವ ಸ್ಥಳಕ್ಕೂ ಅಷ್ಟೇ ಬಿಗಿಯಾದುದೊಂದು ಬರಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ಈ ನಗರ ಕಂಡ ದಿನಗಳನ್ನು ನೆನೆಯಿರಿ: 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಮಡಿದರು, 1983ರಲ್ಲಿ ಗಂಗಾರಾಮ್ ಕಟ್ಟಡ ಕುಸಿಯಿತು, 1990ರ ಫೆಬ್ರುವರಿ 14ರಂದು ವಿಮಾನವೊಂದು ನೆಲಕ್ಕಪ್ಪಳಿಸಿ 92 ಜನ ಅಸು ನೀಗಿದರು. ಇಂಥ ಗಳಿಗೆಯಲ್ಲಿ ಒಬ್ಬ ಶಸ್ತ್ರವೈದ್ಯನ ಕೈಚಳಕ ಸಾಲದು. ಯಾರು ತಲೆಯ ಬಳಿ ನಿಂತು ಉಸಿರನ್ನು ಕಾಯಬೇಕು, ಯಾರು ರಕ್ತನಿಧಿಗೆ ಓಡಬೇಕು, ಯಾರ ಮಾತು ಕೊನೆಯದು ಎಂಬುದು ಮೊದಲೇ ನಿಶ್ಚಿತವಾಗಿರಬೇಕು.

ಈ ಅರಿವನ್ನು ವೈದ್ಯರು ವೈಮಾನಿಕರಿಂದ ಪಡೆದರು. 1977ರಲ್ಲಿ ಟೆನೆರೀಫ್ ದ್ವೀಪದ ಓಡುದಾರಿಯಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ದಾರಿ ತೆರವಾಗಿದೆಯೇ ಎಂದು ಅವುಗಳಲ್ಲೊಂದರ ಅಭಿಯಂತರನು ಎತ್ತಿದ ಸಂಶಯವನ್ನು ಹಿರಿಯ ಚಾಲಕನು ತಳ್ಳಿಹಾಕಿದ್ದನು. ಕಿರಿಯನು ಸೊಲ್ಲೆತ್ತುವುದನ್ನೂ ಹಿರಿಯನು ಕಿವಿಗೊಡುವುದನ್ನೂ ಅಭ್ಯಾಸದಿಂದಲೇ ಕಲಿಸಬೇಕೆಂದು ವೈಮಾನಿಕರು ಕಂಡುಕೊಂಡುದನ್ನು ಸ್ಟ್ಯಾನ್‌ಫರ್ಡಿನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಮತ್ತು ಸಂಗಡಿಗರು ಶಸ್ತ್ರಾಗಾರಕ್ಕೆ ತಂದರು. ಹಿರಿಯರೆದುರು ಮಾತಾಡುವುದೇ ಅವಿನಯವೆಂದು ಬೆಳೆದ ನಮ್ಮವರಿಗೆ ಈ ಪಾಠ ಇನ್ನೂ ಹೆಚ್ಚು ಬೇಕು.

2019ರಿಂದ ಹೊಸ ಪಠ್ಯಕ್ರಮದಡಿ ವೈದ್ಯಕೀಯ ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಕಡ್ಡಾಯವಾಗಿದೆ. ಅಲ್ಲಿಯ ಬೊಂಬೆ ಬೀಗದ ಕೋಣೆಯಲ್ಲಿ ಉಳಿಯದಿರಲಿ. ಕಾರ್ಡ್ ರಸ್ತೆಯಿಂದ ವಿಜಯನಗರ, ಕೆಂಗೇರಿಯವರೆಗಿನ ಆಸ್ಪತ್ರೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ತಿಂಗಳಿಗೊಂದು ಇರುಳು, ಮುನ್ಸೂಚನೆಯಿಲ್ಲದೆ, ಆ ಬೊಂಬೆಯನ್ನು ಕ್ಯಾಶುಯಾಲ್ಟಿಯ ಬಾಗಿಲಿಗೆ ತನ್ನಿ, ಡ್ಯೂಟಿ ಡಾಕ್ಟರು, ದಾದಿ, ಆಯಾ, ವಾರ್ಡ್‌ಬಾಯ್, ಗೇಟಿನ ಕಾವಲುಗಾರ ಎಲ್ಲರೂ ಆ ತಾಲೀಮಿನಲ್ಲಿರಲಿ.