ಧುಮುಕಿದ ಜೋಡಿ, ಇಳಿದು ಬಂದ ಜೋಡಿ

ನಂಜನಗೂಡು ತಾಲ್ಲೂಕಿನ ದೇವನೂರಿನ ಆಸುಪಾಸಿನಲ್ಲಿ ಹೊಸದಾಗಿ ಮದುವೆಯಾದವರಿಗೆ ಊಟಿ, ಗೋವಾ ಕೈಗೆಟುಕದಿದ್ದರೂ ಒಂದು ದಿನದ ತಿರುಗಾಟಕ್ಕೆ ದಾರಿ ಸಿದ್ಧವಾಗಿಯೇ ಇದೆ. ತಿ. ನರಸೀಪುರದಲ್ಲಿ ಕಪಿಲೆ-ಕಾವೇರಿಯರ ಸಂಗಮ, ಮುಂದೆ ತಲಕಾಡಿನ ಮರಳು, ಅದರಾಚೆ ಶಿವನಸಮುದ್ರದ ಗಗನಚುಕ್ಕಿ, ಬರಚುಕ್ಕಿ. ಇದೇ ಎರಡನ್ನು, ಅಂದರೆ ಬೀಳುವ ನೀರನ್ನೂ ಹರಡಿದ ಮರಳನ್ನೂ ನೋಡಲು ಅನುಕೂಲಸ್ಥ ದಂಪತಿಗಳು ದಕ್ಷಿಣ ಅಮೆರಿಕದವರೆಗೆ ಹೋಗುವುದುಂಟು. ಇಗ್ವಾಸು ಜಲಪಾತ, ಏಂಜೆಲ್ ಜಲಪಾತ, ಕೋಪಕಬಾನದ ಕಡಲತೀರ ಅವರ ಪಟ್ಟಿಯಲ್ಲಿರುತ್ತವೆ. ಆದರೆ ಗಂಡ-ಹೆಂಡತಿ ಜಲಪಾತಕ್ಕೆ ಸಂತೋಷಪಡಲು ಹೋಗುವ ರೂಢಿ ತೀರ ಹಳೆಯದಲ್ಲ. ಹಿಂದಿನ ಕಥೆಗಳಲ್ಲಿ ಅಲ್ಲಿಗೆ ಹೋದ ಜೋಡಿಗಳು ಹಿಂದಿರುಗಿದ್ದೇ ಇಲ್ಲ.

ಶಿವನಸಮುದ್ರದ ಕಥೆಯನ್ನೇ ನೋಡಿ. ಕಾವೇರಿ ಇಲ್ಲಿ ಎರಡು ಕವಲಾಗಿ ಒಂದು ದ್ವೀಪವನ್ನು ಬಳಸಿ, ಎರಡು ಕಡೆಯೂ ಧುಮುಕುತ್ತದೆ. ಹದಿನಾರನೆಯ ಶತಮಾನದಲ್ಲಿ ಉಮ್ಮತ್ತೂರು ಮನೆತನದ ಗಂಗರಾಜ ಈ ದ್ವೀಪದಲ್ಲಿ ಊರು ಕಟ್ಟಿದನೆಂದು ಹೇಳಿಕೆ. ಅವನ ಮಗ ನಂದಿರಾಜ ಯಾವುದೋ ಆಚಾರಲೋಪಕ್ಕೆ ಪ್ರಾಯಶ್ಚಿತ್ತವಾಗಿ, ಹೆಂಡತಿಯನ್ನೂ ಕೂಡಿಸಿಕೊಂಡು, ಕುದುರೆಯ ಮೇಲೆ ಕುಳಿತೇ ಗಗನಚುಕ್ಕಿಗೆ ಹಾರಿದನಂತೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಈ ಕಥೆ ದಾಖಲಾಗಿದೆ.

ಅಲ್ಲಿಗೂ ಮುಗಿಯಲಿಲ್ಲ. ಮೂರನೆಯ ದೊರೆಗೆ ಇಬ್ಬರು ಹೆಣ್ಣುಮಕ್ಕಳು. ತವರಿನ ವೈಭವವನ್ನೇ ಆಡಿ ಗಂಡಂದಿರನ್ನು ಹೀಯಾಳಿಸುತ್ತಿದ್ದ ಅವರ ಮಾತಿನಿಂದ ರೋಸಿದ ಅಳಿಯಂದಿರು ಮಾವನ ಮೇಲೆಯೇ ದಂಡೆತ್ತಿ ಬಂದರು. ಹನ್ನೆರಡು ವರ್ಷದ ಮುತ್ತಿಗೆಯ ನಂತರ ದಳವಾಯಿಯೊಬ್ಬನ ದ್ರೋಹದಿಂದ ಊರು ಬಿತ್ತು, ಮಾವ ಸತ್ತ. ಆದ ಅನಾಹುತವನ್ನು ಕಂಡ ಅಳಿಯಂದಿರು ಜಲಪಾತಕ್ಕೆ ಬಿದ್ದರು, ಹೆಂಡಿರೂ ಹಿಂದೆಯೇ ಬಿದ್ದರು. ದ್ವೀಪ ಹಾಳುಬಿದ್ದಿತು. ಇದರಲ್ಲಿ ಇತಿಹಾಸವೆಷ್ಟು, ಕಟ್ಟುಕಥೆಯೆಷ್ಟು ಎಂಬುದು ಬೇರೆ ಮಾತು. ಜನ ಆ ನೀರನ್ನು ಯಾವ ಕಣ್ಣಿನಿಂದ ನೋಡುತ್ತಿದ್ದರು ಎಂಬುದಂತೂ ಇದರಿಂದ ತಿಳಿಯುತ್ತದೆ.

ವಿಚಿತ್ರವೆಂದರೆ ಭೂಮಿಯ ಆಚೆ ಬದಿಯ ಕಥೆಯೂ ಹೀಗೆಯೇ ಇದೆ. ಬ್ರೆಜಿಲ್ ಮತ್ತು ಅರ್ಜೆಂಟೀನಾದ ಗಡಿಯಲ್ಲಿರುವ ಇಗ್ವಾಸು, ಸುಮಾರು 275 ಧಾರೆಗಳಾಗಿ ಬೀಳುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಗ್ವಾರಾನಿ ಜನರ ಪ್ರಕಾರ, ಸರ್ಪದೇವತೆಗೆ ಮೀಸಲಾಗಿದ್ದ ನೈಪಿ ಎಂಬ ಹುಡುಗಿ ತನ್ನ ಪ್ರಿಯಕರ ತರೋಬನ ಜತೆ ದೋಣಿಯಲ್ಲಿ ಓಡಿಹೋದಳು. ಕೆರಳಿದ ಸರ್ಪ ನದಿಯ ತಳವನ್ನೇ ಸೀಳಿತು. ಪ್ರಿಯರಿಬ್ಬರೂ ಆ ಕಮರಿಯ ಪಾಲಾದರು. ಕಾವೇರಿಯನ್ನು ಕಾಣದವರೂ ಇಗ್ವಾಸುವನ್ನು ಕಾಣದವರೂ ಒಂದೇ ಬಗೆಯ ಕಥೆ ಹೇಳಿದ್ದೇಕೆ? ಜಲಪಾತದ ಅಂಚಿಗೆ ಹೋದವನು ಬದುಕುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಹೋಗಿ ಬದುಕಿ ಬಂದ ಜೋಡಿಯ ಕಥೆ ಸಿಗುವುದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ವಿಮಾನ ಚಾಲಕ ಜಿಮ್ಮಿ ಏಂಜೆಲ್ ಚಿನ್ನ ಹುಡುಕುತ್ತ 1933ರಲ್ಲಿ ವೆನಿಜುವೆಲಾದ ಕಾಡಿನ ಮೇಲೆ ಹಾರುವಾಗ ಒಂದು ಮಹಾ ಜಲಪಾತವನ್ನು ಕಂಡ. 1937ರ ಅಕ್ಟೋಬರ್ 9ರಂದು ಹೆಂಡತಿ ಮರಿ ಮತ್ತು ಇಬ್ಬರು ಸಂಗಡಿಗರೊಡನೆ ಆ ಬೆಟ್ಟದ ನೆತ್ತಿಯ ಮೇಲೆ ವಿಮಾನ ಇಳಿಸಿದ. ಚಕ್ರ ಕೆಸರಿನಲ್ಲಿ ಹೂತುಹೋಯಿತು. ನಾಲ್ವರೂ ಹನ್ನೊಂದು ದಿನ ನಡೆದು ಬೆಟ್ಟವಿಳಿದು ಜನವಸತಿ ಸೇರಿದರು. ಚಿನ್ನ ಸಿಗಲಿಲ್ಲ, ಹೆಸರು ಮಾತ್ರ ಉಳಿಯಿತು. 1949ರಲ್ಲಿ ರೂತ್ ರಾಬರ್ಟ್‌ಸನ್ ಎಂಬ ಪತ್ರಕರ್ತೆಯ ತಂಡ ಅಳತೆ ಮಾಡಿದಾಗ ಜಲಪಾತದ ಎತ್ತರ 979 ಮೀಟರ್ ಎಂದು ತಿಳಿಯಿತು. ಜಗತ್ತಿನಲ್ಲೇ ಅತಿ ಎತ್ತರದ್ದು. ಅಲ್ಲಿನ ಪೆಮೋನ್ ಜನ ಮಾತ್ರ ಅದನ್ನು ಮೊದಲಿನಿಂದಲೂ ಕೆರೆಪಕುಪೈ ಮೇರು ಎಂದೇ ಕರೆಯುತ್ತಿದ್ದರು. 1956ರಲ್ಲಿ ತೀರಿಕೊಂಡ ಗಂಡನ ಚಿತಾಭಸ್ಮವನ್ನು ಮರಿ 1960ರಲ್ಲಿ ಅದೇ ಜಲಪಾತದ ಮೇಲೆ ಚೆಲ್ಲಿಸಿದಳು.

ಜಲಪಾತದ ಭಯ ಕಳೆಯಲು ಧೈರ್ಯವಂತರಷ್ಟೇ ಸಾಲಲಿಲ್ಲ, ದಾರಿಯೂ ಬೇಕಿತ್ತು. ಕೋಪಕಬಾನದ ಉದಾಹರಣೆ ಇದೆ. ರಿಯೋ ಡಿ ಜನೈರೊ ನಗರದ ಮಗ್ಗುಲಲ್ಲಿದ್ದರೂ ಬೆಟ್ಟ ಅಡ್ಡವಿದ್ದುದರಿಂದ ಅದು ದೂರದ ಮರಳ ದಂಡೆಯಾಗಿಯೇ ಇತ್ತು. 1892ರಲ್ಲಿ ಸುರಂಗ ಕೊರೆದ ಮೇಲೆ ನಗರದವರು ಅಲ್ಲಿಗೆ ಬಂದರು; 1923ರಲ್ಲಿ ಭಾರಿ ಹೋಟೆಲೂ ಎದ್ದಿತು. ಶಿವನಸಮುದ್ರದಲ್ಲಿ ಈ ಕೆಲಸ ಮಾಡಿದವು ಸೇತುವೆಗಳು. ಪಾಳುಬಿದ್ದಿದ್ದ ದ್ವೀಪಕ್ಕೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಸೇತುವೆ ಕಟ್ಟಿಸಿಕೊಟ್ಟವರು ರಾಮಸ್ವಾಮಿ ಮೊದಲಿಯಾರ್. ಅವರಿಗೆ ಸರ್ಕಾರದಿಂದ ಜಹಗೀರು ಸಿಕ್ಕಿತು. ಆ ಕಲ್ಲುಸೇತುವೆಗಳಲ್ಲಿ ಒಂದರ ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು. ಇನ್ನು 1902ರಲ್ಲಿ ಇದೇ ನೀರಿನಿಂದ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳುಹಿಸಲಾಯಿತು. ಬಲಿ ಬೇಡುವ ನೀರು ದುಡಿಯುವ ನೀರಾಯಿತು, ಆಮೇಲೆ ನೋಡುವ ನೀರಾಯಿತು.

ತಲಕಾಡಿನ ಮರಳಿಗೂ ಇಂಥದೇ ಇತಿಹಾಸವಿದೆ. ಗಂಗರ ರಾಜಧಾನಿಯಾಗಿದ್ದ ಊರನ್ನು ಮುಚ್ಚಿದ ಮರಳಿಗೆ ಜನ ಅಲಮೇಲಮ್ಮನ ಶಾಪವನ್ನು ಕಾರಣ ಹೇಳಿದರು. ನದಿಪಾತ್ರದಲ್ಲಿ ಬಯಲಾದ ಮರಳನ್ನು ಗಾಳಿ ಹೊತ್ತು ತಂದು ಸುರಿಯಿತೆಂದು ಭೂವಿಜ್ಞಾನ ತಿಳಿದವರು ವಿವರಿಸುತ್ತಾರೆ. ದೇವಾಲಯಗಳನ್ನು ನುಂಗಿದ ಅದೇ ಮರಳಿನ ಮೇಲೆ ಇಂದು ಮಕ್ಕಳು ಆಡುತ್ತವೆ.

ಭಯ ಹೋದದ್ದು ಒಳ್ಳೆಯದೇ. ಆದರೆ ಅದರೊಡನೆ ಎಚ್ಚರವೂ ಹೋಗಬಾರದು. ಕಾವೇರಿಯ ಮರಳಿನ ತಳ ಒಂದೇ ಸಮವಾಗಿರುವುದಿಲ್ಲ. ಮೊಣಕಾಲುದ್ದ ಇದ್ದ ನೀರು ಎರಡು ಹೆಜ್ಜೆಗೆ ಮಡುವಾಗುತ್ತದೆ. ಕನ್ನಂಬಾಡಿ, ಕಬಿನಿ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಈಜಲು ಇಳಿದವರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇದೆ. ನೀರು-ಬೆಂಕಿಯ ಜತೆ ಸರಸ ಬೇಡವೆಂದು ಹಿರಿಯರು ಹೇಳುತ್ತಾರೆ. ನಂದಿರಾಜ ದಂಪತಿಯ ಕಥೆಯನ್ನು ನಂಬಬೇಕಾಗಿಲ್ಲ. ಗಗನಚುಕ್ಕಿಯ ಮುಂದೆ ಜೋಡಿಯಾಗಿ ನಿಂತಾಗ ಒಮ್ಮೆ ನೆನೆದುಕೊಂಡರೆ ಸಾಕು.