ಚಾಕೊಲೇಟ್ ಬಣ್ಣದ ಪೊರೆ: ಬ್ರಶ್ ಮೋಟರ್ ಸವೆದ ಕಥೆ

ಇವತ್ತಿನ ಕಥೆ ಶುರುವಾಗೋದು ನಮ್ಮ ಸೋದರಮಾವನ ಶೆಡ್ಡಿನಲ್ಲಿ. ದೊಡ್ಡದೊಂದು ಆವರಣದಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಓಡಾಡುವ ಬ್ಯಾಟರಿ ಗಾಡಿಗಳು ಎರಡಿವೆ ಅವರ ಹತ್ರ. ಅದೇ ಅವರ ಸಂಪಾದನೆ. ಅದರಲ್ಲೊಂದು ಏರು ಹತ್ತುವಾಗ ಮುಗ್ಗರಿಸ್ತಿತ್ತು, ಸುಟ್ಟ ವಾಸನೆ ಬೇರೆ. "ಮೋಟರ್ ಹೋಯ್ತು, ಹೊಸದು ಹಾಕಿಸಿ" ಅಂದಿದ್ದರು ಮೆಕ್ಯಾನಿಕ್. ಹೊಸ ಮೋಟರಿನ ಬೆಲೆಗೆ ಹೋಲಿಸಿದರೆ ಗಾಡಿಯೇ ಅಗ್ಗ. "ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೋಡೋ" ಅಂತ ಮಾವ ಕರೆದರು.

ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆವು. ಮಾವ ಮೋಟರನ್ನು ಗಾಡಿಯಿಂದ ಇಳಿಸಿ ಹಾಗೇ ಓಡಿಸಿ ನೋಡೋಣ ಅಂದರು, ನಾನು ಬೇಡ ಅಂದೆ. ಇಂಥ ಸೀರೀಸ್ ಮೋಟರಿಗೆ ಹೊರೆ ಇಲ್ಲದಿದ್ದರೆ ವೇಗ ಮಿತಿಮೀರಿ, ತನ್ನನ್ನೇ ಸಿಡಿಸಿಕೊಂಡುಬಿಡುತ್ತದೆ. ಹಿಂದಿನ ಮುಚ್ಚಳ ತೆಗೆದರೆ ಒಳಗೆಲ್ಲ ಕರಿ ಪುಡಿ. ಅದು ಸವೆದ ಬ್ರಶ್. ಹೆಸರು ಬ್ರಶ್ ಅಂತಿದ್ದರೂ ಕೈಗೆ ಬಂದದ್ದು ಕಾರ್ಬನ್ನಿನ ಒಂದು ಇಟ್ಟಿಗೆ ತುಂಡು.

ಈ ಹೆಸರಿನ ಹಿಂದೆ ಒಂದು ಇತಿಹಾಸ ಇದೆ. 1832ರಲ್ಲಿ ಪ್ಯಾರಿಸಿನ ಉಪಕರಣ ತಯಾರಕ ಇಪ್ಪೊಲಿಟ್ ಪಿಕ್ಸಿ ಕೈಯಿಂದ ತಿರುಗಿಸುವ ಒಂದು ವಿದ್ಯುತ್ ಯಂತ್ರ ಮಾಡಿದ. ಅದರಿಂದ ಬರುತ್ತಿದ್ದ ವಿದ್ಯುತ್ತು ಹಿಂದೆಮುಂದೆ ಹರಿಯುತ್ತಿತ್ತು. ಅದನ್ನು ಒಂದೇ ದಿಕ್ಕಿಗೆ ತಿರುಗಿಸಲು ಆಂಪಿಯರ್ ಸಲಹೆಯಂತೆ ಕಮ್ಯುಟೇಟರ್ ಸೇರಿಸಿದ. ಮುಂದೆ ಬಂದ ಡೈನಮೊಗಳಲ್ಲಿ ಕಮ್ಯುಟೇಟರ್ ಮೇಲೆ ಒತ್ತಿ ನಿಲ್ಲುತ್ತಿದ್ದದ್ದು ತಾಮ್ರದ ತಂತಿಗಳ ಕಂತೆ. ನಿಜಕ್ಕೂ ಬ್ರಶ್ಶೇ.

ಈ ತಾಮ್ರದ ಬ್ರಶ್ಶಿಗೆ ಕಷ್ಟ ಬಂದದ್ದು ಮೋಟರ್ ರಸ್ತೆಗಿಳಿದಾಗ. 1888ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ ಟ್ರಾಮ್ ಓಡಿಸಿದಾಗ ಲೋಹದ ಬ್ರಶ್‌ಗಳು ಬೇಗ ಸವೆದು ಹೋಗುತ್ತಿದ್ದವು. ಧೂಳು, ಕೆಸರು, ಏರು, ಅದರ ಮೇಲೆ ಹಿಂದಕ್ಕೂ ಓಡಬೇಕು. ಓರೆಯಾಗಿ ಒತ್ತಿ ನಿಂತ ತಾಮ್ರದ ಬ್ರಶ್ಶಿಗೆ ಹಿಂದಕ್ಕೆ ತಿರುಗೋದು ಅಂದ್ರೆ ಉಲ್ಟಾ ಬಾಚಿದ ಹಾಗೆ.

ಕಾರ್ಬನ್ ಬಳಸಬಹುದು ಅಂತ ಜಾರ್ಜ್ ಫೋರ್ಬ್ಸ್ 1885ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಟ್ರಾಮ್ ಮೋಟರಿಗೆ ತಂದವನು ಬೆಲ್ಜಿಯಂನಲ್ಲಿ ಹುಟ್ಟಿದ ಚಾರ್ಲ್ಸ್ ವ್ಯಾನ್ ಡೆಪೋಲ್, 1888ರಲ್ಲಿ. ತಾಮ್ರದಷ್ಟು ಸಲೀಸಾಗಿ ವಿದ್ಯುತ್ ಹರಿಸದ ಕಲ್ಲಿನಂಥ ವಸ್ತು ಯಾಕೆ ಬೇಕಿತ್ತು? ಆ ಕೊರತೆಯೇ ಅದರ ಗುಣ. ಬ್ರಶ್ ಒಂದು ಕ್ಷಣ ಪಕ್ಕಪಕ್ಕದ ಎರಡು ತಾಮ್ರದ ಪಟ್ಟಿಗಳನ್ನು ಒಟ್ಟಿಗೆ ಮುಟ್ಟುತ್ತದೆ. ಆಗ ಅವುಗಳ ನಡುವಿನ ಸುರುಳಿಯಲ್ಲಿ ಸುತ್ತುವ ವಿದ್ಯುತ್ತಿಗೆ ಕಾರ್ಬನ್ನಿನ ತಡೆ ಕಡಿವಾಣ ಹಾಕುತ್ತದೆ, ಕಿಡಿ ಕಡಿಮೆಯಾಗುತ್ತದೆ. ನೇರವಾಗಿ ಕೂರೋದರಿಂದ ಹಿಂದೆ ಮುಂದೆ ಎರಡೂ ಕಡೆ ಓಡಬಹುದು.

ನಂಗೆ ಇನ್ನೂ ಬೆರಗು ಹುಟ್ಟಿಸೋದು ಎರಡನೇ ಮಹಾಯುದ್ಧದ ಕಾಲದ ಒಂದು ಸಂಗತಿ. ನೆಲದ ಮೇಲೆ ನೂರಾರು ಗಂಟೆ ಬಾಳುತ್ತಿದ್ದ ವಿಮಾನದ ಜನರೇಟರ್ ಬ್ರಶ್‌ಗಳು ಬಹಳ ಎತ್ತರದಲ್ಲಿ ಕೆಲವೇ ಗಂಟೆಗಳಲ್ಲಿ ಪುಡಿಯಾಗುತ್ತಿದ್ದವು. ಕಾರಣ, ಅಲ್ಲಿನ ಒಣ ಗಾಳಿ. ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ನೀರಿನ ಆವಿ ಬೇಕು. ತಾಮ್ರದ ಆಕ್ಸೈಡು, ಗ್ರಾಫೈಟು, ತೇವ ಸೇರಿ ಕಮ್ಯುಟೇಟರ್ ಮೇಲೆ ಕಟ್ಟುವ ತೆಳು ಪೊರೆಯೇ ಮೋಟರಿನ ಆರೋಗ್ಯ. ಆದ್ದರಿಂದ ಕಮ್ಯುಟೇಟರ್ ಫಳಫಳ ಹೊಳೆಯೋದು ಒಳ್ಳೇದು ಅನ್ನೋದು ತಪ್ಪು. ಎಲ್ಲ ಕಡೆ ಸಮನಾದ ಚಾಕೊಲೇಟ್ ಬಣ್ಣ ಇರಬೇಕು.

ಮಾವನ ಮೋಟರಿನಲ್ಲಿ ಬಣ್ಣ ಚೆನ್ನಾಗೇ ಇತ್ತು. ಉಂಗುರದಂತೆ ಗೀರು ಬಿದ್ದಿರಲಿಲ್ಲ. ಪಟ್ಟಿಗಳ ನಡುವಿನ ಮೈಕಾ ಕೂಡ ತಾಮ್ರಕ್ಕಿಂತ ಕೆಳಗೇ ಇತ್ತು, ಅದು ಮೇಲೆದ್ದಿದ್ದರೆ ಬ್ರಶ್ ಕುಣಿಯುತ್ತದೆ. ಆದರೆ ಒಂದು ಬ್ರಶ್ ಉಳಿದವುಗಳ ಅರ್ಧದಷ್ಟೇ ಉದ್ದ ಇತ್ತು, ಅದರ ಸ್ಪ್ರಿಂಗ್ ಸಡಿಲ. ಜೊತೆಗೆ ಪಕ್ಕಪಕ್ಕದ ಎರಡು ಪಟ್ಟಿಗಳ ಅಂಚು ಮಾತ್ರ ಸುಟ್ಟು ಕರಿಯಾಗಿತ್ತು. "ಸ್ಪ್ರಿಂಗ್ ಅಷ್ಟೇ ಅಲ್ವಾ?" ಅಂದರು ಮಾವ. "ಇಲ್ಲ ಮಾವ, ಬರೀ ಸ್ಪ್ರಿಂಗ್ ಆಗಿದ್ರೆ ಎಲ್ಲ ಪಟ್ಟೀನೂ ಸುಡ್ತಿತ್ತು" ಅಂದೆ. ಒಂದೇ ಜಾಗ ಸುಟ್ಟಿದ್ದರೆ ಅಲ್ಲಿಗೆ ಸೇರುವ ಸುರುಳಿಯ ಮೇಲೆ ಅನುಮಾನ ಪಡಬೇಕು.

ವೈಂಡಿಂಗ್ ಅಂಗಡಿಯವರು ಸುರುಳಿಗಳಿಗೆ ಸಣ್ಣ ಬ್ಯಾಟರಿಯಿಂದ ವಿದ್ಯುತ್ ಹರಿಸಿ, ಪಟ್ಟಿಯಿಂದ ಪಟ್ಟಿಗೆ ಮಿಲಿವೋಲ್ಟ್ ಅಳೆಯುತ್ತಾ ಹೋದರು. ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ ಲೆಕ್ಕ, ಆ ಎರಡರ ನಡುವೆ ಮಾತ್ರ ಮುಳ್ಳು ಜಿಗಿಯಿತು. ಕಾವಿಗೆ ಬೆಸುಗೆ ಕರಗಿ ಬಿಟ್ಟಿತ್ತು. ಮತ್ತೆ ಬೆಸೆದು, ಕಮ್ಯುಟೇಟರ್ ತೆಳುವಾಗಿ ಕಡೆದು, ಕಾರ್ಬನ್ ಪುಡಿಯನ್ನು ಒಣ ಗಾಳಿಯಲ್ಲಿ ಊದಿ, ಮೆಗ್ಗರ್ ಹಿಡಿದು ಮೈಗೆ ಸೋರಿಕೆ ಇಲ್ಲ ಅಂತ ಖಚಿತ ಮಾಡಿಕೊಂಡರು. ಹೊಸ ಬ್ರಶ್‌ಗಳನ್ನು ಮರಳು ಕಾಗದದ ಪಟ್ಟಿಯ ಮೇಲೆ ಉಜ್ಜಿ ದುಂಡಗಿನ ಬಾಗು ಕೊಟ್ಟೆವು. ಎಮರಿ ಕಾಗದ ಕೊಡೋಕೆ ಬಂದ ಹುಡುಗನನ್ನು ಅಂಗಡಿಯವರು ತಡೆದರು, ಅದರ ಹರಳು ತಾಮ್ರದಲ್ಲಿ ಕಚ್ಚಿಕೊಂಡರೆ ಬ್ರಶ್ಶನ್ನು ತಿಂದುಹಾಕುತ್ತೆ ಅಂತ.

ಗಾಡಿ ಈಗ ಏರು ಹತ್ತುತ್ತಿದೆ. ಮಾವ ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನಾಲ್ಕೂ ಬ್ರಶ್ಶಿನ ಉದ್ದ ಅಳೆದು, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡ್ತಾರೆ.